ಬಹು ವರುಷಗಳ ಮೇಲೆ ಕೂಡಿಬರುವ ಜೊತೆಗೆಲಸದವರು

ಒಂದೇ ಕೆಲಸಕ್ಕೆ ಕೈಹಚ್ಚಿ, ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ಮಾಡಿನ ಕೆಳಗೆ ಮಲಗಿ ಒಂದು ಋತುವನ್ನು ಕಳೆದವರು ತರುವಾಯ ದಿಕ್ಕುದಿಕ್ಕಿಗೆ ಚದರಿಹೋಗಿ, ಇಪ್ಪತ್ತು ಮೂವತ್ತು ವರುಷ ಒಬ್ಬರಿಗೊಬ್ಬರು ಒಂದು ಕಾಗದವನ್ನಾದರೂ ಬರೆಯದೆ ಇದ್ದುಬಿಟ್ಟರೆ, ಅವರೊಳಗೆ ಮೊದಲು ಇದ್ದದ್ದು ನಿಜವಾದ ಪ್ರೀತಿಯೋ ಎಂದು ಕೇಳುವದು ನ್ಯಾಯವಾದ ಪ್ರಶ್ನೆಯೇ. ಪ್ರೀತಿಯಾಗಿದ್ದರೆ ಅದು ಅಷ್ಟು ಸುಲಭವಾಗಿ ಮೌನವಾದದ್ದು ಹೇಗೆ? ಪ್ರೀತಿಯಲ್ಲದಿದ್ದರೆ, ಇಷ್ಟು ಕಾಲದ ಮೇಲೆ ಯಾರೋ ಒಬ್ಬನು ಕರೆ ಕಳುಹಿಸಿದ ಕೂಡಲೆ ಮನೆಯನ್ನೂ ಉದ್ಯೋಗವನ್ನೂ ಬಿಟ್ಟು ನೂರಾರು ಮೈಲಿ ದಾಟಿ ಬರುವದು ಯಾತಕ್ಕೆ? ಹಾಗೆ ಬಂದು ಕೂಡಿದವರು ಒಬ್ಬರಿಗೊಬ್ಬರು ಏನನ್ನು ಸಲ್ಲಿಸತಕ್ಕವರಾಗಿದ್ದಾರೆ? ಈ ಮೂರನೆಯ ಪ್ರಶ್ನೆಯೇ ಕಷ್ಟವಾದದ್ದು. ಅದಕ್ಕಾಗಿಯೇ ನಾವು ಇದನ್ನು ಬರೆಯುತ್ತೇವೆ.

ಇಂಥ ಸಂಗತಿಯು ಎಲ್ಲಾ ದೇಶಗಳಲ್ಲಿಯೂ ಉಂಟು. ಸಿಪಾಯಿಗಳೊಳಗೂ ದಾದಿಯರೊಳಗೂ ಬೋರ್ಡಿಂಗ್ ಶಾಲೆಯ ಉಪಾಧ್ಯಾಯರೊಳಗೂ ಉಂಟು. ಆದರೆ ಅಮೇರಿಕ ದೇಶದ ಬೇಸಿಗೆ ಶಿಬಿರಗಳಲ್ಲಿ ಕೆಲಸಮಾಡಿದವರೊಳಗೆ ಅದು ಬೇರೆಲ್ಲಿಯೂ ಕಾಣದಷ್ಟು ಬಯಲಾಗಿ ಕಾಣುತ್ತದೆ. ಯಾಕಂದರೆ ಅಲ್ಲಿ ಸ್ನೇಹವು ಎಂಟು ವಾರಗಳೊಳಗೆ ಹುಟ್ಟಿ, ಬೆಳೆದು, ಬೀಳ್ಕೊಡುಗೆಯನ್ನೂ ಕಾಣುತ್ತದೆ.

ಈ ಶಿಬಿರಗಳೆಂದರೆ ಏನೆಂದು ಹಳ್ಳಿಯ ವಾಚಕರಿಗೆ ಸ್ವಲ್ಪ ವಿವರಿಸಬೇಕಾಗಿದೆ. ಆ ದೇಶದಲ್ಲಿ ಜೂನ್ ತಿಂಗಳಿಂದ ಆಗಸ್ಟ್ ಕೊನೆಯ ವರೆಗೆ ಪಾಠಶಾಲೆಗಳಿಗೆ ದೀರ್ಘವಾದ ರಜೆಯಿರುತ್ತದೆ. ಆಗ ತಂದೆತಾಯಿಗಳು ಮಕ್ಕಳನ್ನು ಕಾಡು, ಬೆಟ್ಟ, ಸರೋವರಗಳಿರುವ ಸ್ಥಳಕ್ಕೆ ಕಳುಹಿಸುವರು. 1861ನೆಯ ಇಸವಿಯಲ್ಲಿ ಕನೆಟಿಕಟ್ ಸಂಸ್ಥಾನದ ವಾಷಿಂಗ್ಟನ್ ಎಂಬ ಊರಿನ ಫ್ರೆಡರಿಕ್ ವಿಲಿಯಂ ಗನ್ ಎಂಬ ಉಪಾಧ್ಯಾಯನು ತನ್ನ ಶಾಲೆಯ ಹುಡುಗರನ್ನು ಸುಮಾರು 40 ಮೈಲಿ ನಡಿಸಿಕೊಂಡು ಹೋಗಿ ಮಿಲ್‌ಫರ್ಡ್ ಎಂಬಲ್ಲಿ ಸಮುದ್ರತೀರದಲ್ಲಿ ಎರಡು ವಾರ ಡೇರೆಗಳಲ್ಲಿ ಇರಿಸಿದನು. ಆಗ ದೇಶದಲ್ಲಿ ಅಂತರ್ಯುದ್ಧವು ನಡೆಯುತ್ತಿದ್ದದರಿಂದ ಆ ಹುಡುಗರಿಗೆ ಸಿಪಾಯಿಗಳ ಹಾಗೆ ಬಯಲಲ್ಲಿ ಮಲಗಬೇಕೆಂಬ ಆಸೆಯಿತ್ತಂತೆ. 1885ರಲ್ಲಿ ಕ್ರೈಸ್ತ ಯುವಜನರ ಸಂಘದ ಸಮ್ನರ್ ಡಡ್ಲಿ ಎಂಬವನು ಏಳು ಮಂದಿ ಹುಡುಗರನ್ನು ನ್ಯೂಯಾರ್ಕ್ ಸಂಸ್ಥಾನದ ಆರೆಂಜ್ ಸರೋವರದ ಬಳಿಗೆ ಕರೆದುಕೊಂಡು ಹೋದನು. ಆ ಶಿಬಿರವು ತರುವಾಯ ಶಾಂಪ್ಲೇನ್ ಸರೋವರದ ದಡದ ವೆಸ್ಟ್‌ಪೋರ್ಟಿಗೆ ಬಂದು, ಡಡ್ಲಿಯ ಹೆಸರನ್ನು ಧರಿಸಿ, ಈಗಲೂ ನಡೆಯುತ್ತಾ ಇದೆ. ಅಲ್ಲಿಗೆ ಬಂದ ಪ್ರತಿಯೊಬ್ಬ ಹುಡುಗನಿಗೂ ಕ್ರಮವಾಗಿ ಒಂದು ಅಂಕಿಯನ್ನು ಕೊಡುವ ಪದ್ಧತಿಯುಂಟು. ಆ ಅಂಕಿಯು ಅವನ ಜೀವಮಾನವೆಲ್ಲಾ ಅವನದೇ. ಮುದುಕನಾದವನು ಅಪರಿಚಿತನಾದ ಇನ್ನೊಬ್ಬ ಮುದುಕನಿಗೆ ತನ್ನ ಅಂಕಿಯನ್ನು ಹೇಳಿದರೆ, ಯಾರು ಮೊದಲು ಬಂದವರು ಯಾರು ಆಮೇಲೆ ಬಂದವರು ಎಂದು ಆ ಕ್ಷಣವೇ ತಿಳಿಯುವದು.

ನಮ್ಮ ಸಭೆಗಳಲ್ಲಿ ರಜಾಕಾಲದ ಬೈಬಲ್ ಶಾಲೆಯನ್ನು ನಡಿಸುವ ತರುಣ ತರುಣಿಯರನ್ನು ನೋಡಿದವರಿಗೆ ಇಂಥ ಕೆಲಸದ ನೆರಳಾದರೂ ಗೊತ್ತಿರುವದು. ಆದರೆ ನಮ್ಮದು ಕೆಲವು ದಿನಗಳದು, ಹೊತ್ತು ಇಳಿಯುವದರೊಳಗೆ ಮಕ್ಕಳು ಮನೆ ಸೇರುವರು. ಅಲ್ಲಿಯಾದರೋ ಹಗಲೂ ರಾತ್ರಿಯೂ ಮಕ್ಕಳ ಭಾರವು ಮೇಲ್ವಿಚಾರಕರದು, ಮತ್ತು ಆ ಮೇಲ್ವಿಚಾರಕರಲ್ಲಿ ಬಹು ಮಂದಿ 18ರಿಂದ 22 ವರುಷದೊಳಗಿನ ಕಾಲೇಜು ವಿದ್ಯಾರ್ಥಿಗಳು. ಎಂಟು ಹತ್ತು ಮಕ್ಕಳಿರುವ ಮರದ ಕುಟೀರದಲ್ಲಿ ಅವರೊಡನೆ ಮಲಗುವರು. ರಾತ್ರಿಯಲ್ಲಿ ತಾಯಿಯನ್ನು ನೆನಸಿ ಅಳುವ ಹುಡುಗನನ್ನು ಸಂತೈಸುವದು, ಹಾಸಿಗೆಯನ್ನು ಒದ್ದೆಮಾಡಿಕೊಂಡವನಿಗೆ ಇತರರು ಕಾಣದ ಹಾಗೆ ಬಟ್ಟೆ ಬದಲಾಯಿಸುವದು, ಜಗಳವನ್ನು ಬಿಡಿಸುವದು, ದೋಣಿ ನಡಿಸುವದನ್ನು ಕಲಿಸುವದು, ರಾತ್ರಿ ಬೆಂಕಿಯ ಸುತ್ತಲೂ ಕೂತು ಹಾಡಿಸುವದು, ಇವೆಲ್ಲವೂ ಅವರ ಪಾಲಿನ ಕೆಲಸ. ಸಂಬಳವು ಅಲ್ಪ, ವಿರಾಮವು ವಾರಕ್ಕೆ ಒಂದು ದಿನವಿದ್ದರೆ ಹೆಚ್ಚು. ಅನೇಕ ಶಿಬಿರಗಳಲ್ಲಿ ಅವರನ್ನು ಸ್ವಂತ ಹೆಸರಿನಿಂದ ಕರೆಯುವ ರೂಢಿಯೂ ಇಲ್ಲ. ಹಕ್ಕಿಯದೋ ಮರದ್ದೋ ಒಂದು ಅಡ್ಡಹೆಸರನ್ನು ಇಟ್ಟುಕೊಂಡಿರುವರು, ಮಕ್ಕಳು ಅದನ್ನೇ ಬಲ್ಲರು.

ಅವರು ಕಲಿಯುವ ಒಂದು ಅಭ್ಯಾಸವನ್ನು ಮಾತ್ರ ನಾವು ವಿಸ್ತಾರವಾಗಿ ಹೇಳಬೇಕು. ಮಕ್ಕಳು ಸರೋವರಕ್ಕೆ ಇಳಿಯುವಾಗ ಇಬ್ಬಿಬ್ಬರು ಜೊತೆಯಾಗಿ ಇಳಿಯುವರು. ದಡದ ಹಲಗೆಯ ಮೇಲೆ ಪ್ರತಿಯೊಬ್ಬನ ಹೆಸರಿನ ಬಿಲ್ಲೆಯು ತೂಗುವದು. ನೀರಿಗೆ ಇಳಿಯುವವನು ಅದನ್ನು ಈ ಕಡೆಯಿಂದ ಆ ಕಡೆಗೆ ತಿರುಗಿಸಬೇಕು, ಮೇಲೆ ಬಂದ ಮೇಲೆ ಮತ್ತೆ ಮೊದಲಿನ ಹಾಗೆ ಇಡಬೇಕು. ಆಗಾಗ್ಗೆ ಸೀಟಿಯನ್ನು ಊದಿದ ಕೂಡಲೆ ಜೊತೆಗಾರರು ಕೈಹಿಡಿದು ಮೇಲಕ್ಕೆತ್ತಿ ತೋರಿಸಬೇಕು. ಒಂದು ಲೆಕ್ಕ ತಪ್ಪಿತೆಂದು ಇಟ್ಟುಕೊಳ್ಳಿರಿ. ಆಗ ಮಕ್ಕಳೆಲ್ಲರನ್ನೂ ದಡಕ್ಕೆ ಏರಿಸಿ, ಶಿಬಿರದ ಕೆಲಸದವರು ಓಡಿಬಂದು, ಒಬ್ಬರ ತೋಳಿಗೆ ಇನ್ನೊಬ್ಬರ ತೋಳು ಹೆಣೆದು ಸಾಲಾಗಿ ನೀರಿಗೆ ಇಳಿಯುವರು. ಆಳವಿಲ್ಲದ ಕಡೆಯಲ್ಲಿ ಸೊಂಟದ ವರೆಗಿನ ನೀರಿನಲ್ಲಿ ಪಾದದಿಂದ ತಳವನ್ನು ತಡವುತ್ತಾ ಮೆಲ್ಲಗೆ ಮುಂದೆ ಹೆಜ್ಜೆಯಿಡುವರು. ಈಜು ಬಲ್ಲವರು ಆಳದಲ್ಲಿ ಮುಳುಗಿ ಹುಡುಕುವರು. ಬಹುಸಾರಿ ಹುಡುಗನು ಬಿಲ್ಲೆಯನ್ನು ತಿರುಗಿಸಲು ಮರೆತು ಕುಟೀರಕ್ಕೆ ಹೋಗಿರುವನು, ನಗುತ್ತಾ ಓಡಿಬರುವನು. ಆದರೆ ಆ ಹತ್ತು ನಿಮಿಷ ನೀರಿನಲ್ಲಿ ನಡೆದವರಿಗೆ ಅದು ತಿಳಿದಿರುವದಿಲ್ಲ. ಮುಂದಿನ ಹೆಜ್ಜೆಯಲ್ಲಿ ತನ್ನ ಕಾಲಿಗೆ ಏನು ತಗಲುವದೋ ಎಂದು ಪ್ರತಿಯೊಬ್ಬನೂ ಹೆದರುವನು. ಹೆದರಿದರೂ ಪಕ್ಕದವನ ತೋಳನ್ನು ಬಿಟ್ಟು ಹಿಂದೆ ಸರಿಯಲಾರನು. ಇಪ್ಪತ್ತು ವರುಷದ ಪ್ರಾಯದಲ್ಲಿ ಹಾಗೆ ತೋಳು ಹೆಣೆದು ನಡೆದವನ ಮುಖವನ್ನು ಮನುಷ್ಯನು ಮರೆಯುವದಿಲ್ಲ.

ಇದು ಬರೀ ಆಟವೆಂದು ತಿಳಿಯುವವರಿಗೆ 2025ರ ಜುಲೈ 4ರಂದು ಟೆಕ್ಸಾಸಿನಲ್ಲಿ ನಡೆದದ್ದು ಉತ್ತರವಾಗಿದೆ. ಆ ದಿನ ಬೆಳಗಾಗುವ ಮೊದಲೇ ಗ್ವಾಡಲೂಪೆ ನದಿಯು ಉಕ್ಕಿ, 1926ರಲ್ಲಿ ಸ್ಥಾಪಿತವಾದ ಮಿಸ್ಟಿಕ್ ಎಂಬ ಬಾಲಕಿಯರ ಶಿಬಿರಕ್ಕೆ ನುಗ್ಗಿ, 27 ಮಂದಿ ಬಾಲಕಿಯರನ್ನೂ ತರುಣ ಮೇಲ್ವಿಚಾರಕಿಯರನ್ನೂ ಬಲಿತೆಗೆದುಕೊಂಡಿತು. ಮಕ್ಕಳನ್ನು ಕಾಪಾಡಲು ಹೋದ ಶಿಬಿರದ ಯಜಮಾನನೂ ಸತ್ತನು. ಅಲ್ಲಿಯ ಮುನ್ನೆಚ್ಚರಿಕೆಯ ವಿಷಯವಾಗಿ ತಂದೆತಾಯಿಗಳು ನ್ಯಾಯಸ್ಥಾನಕ್ಕೆ ಹೋಗಿದ್ದಾರೆ. ಆ ವಿಚಾರವು ಬೇರೆ. ನಾವು ಹೇಳುವದಿಷ್ಟೇ: ಹದಿನೆಂಟು ಹತ್ತೊಂಬತ್ತು ವರುಷದವರ ಕೈಯಲ್ಲಿ ಅಲ್ಲಿ ಇರಿಸಲ್ಪಟ್ಟಿರುವದು ಪರರ ಮಕ್ಕಳ ಪ್ರಾಣವೇ. ಅಂಥ ಭಾರವನ್ನು ಕೂಡಿ ಹೊತ್ತವರ ಸಂಬಂಧವನ್ನು ಬೇಸಿಗೆಯ ಮೋಜು ಎಂದು ತಳ್ಳಿಬಿಡಬಾರದು.

ಆಗಸ್ಟ್ ತಿಂಗಳ ಕೊನೆಗೆ ಮಕ್ಕಳು ಹೋಗುವರು. ಕೆಲಸದವರು ಡೇರೆಗಳನ್ನು ಮಡಚಿ, ದೋಣಿಗಳನ್ನು ಬೋರಲು ಹಾಕಿ, ಒಬ್ಬರನ್ನೊಬ್ಬರು ಅಪ್ಪಿಕೊಂಡು ಅತ್ತು, ವಿಳಾಸಗಳನ್ನು ಬರೆದುಕೊಂಡು ಹೊರಡುವರು. ಮೊದಲಿನ ವರುಷ ಕಾಗದಗಳು ಬರುವವು, ಎರಡನೆಯ ವರುಷ ಕ್ರಿಸ್‌ಮಸ್ ಹಬ್ಬದ ಒಂದು ಕಾರ್ಡು ಬರುವದು, ಆಮೇಲೆ ಅದೂ ಇಲ್ಲ. ಒಬ್ಬನು ವೈದ್ಯನಾಗುವನು, ಒಬ್ಬನು ಲಾರಿ ನಡಿಸುವನು, ಒಬ್ಬಳು ಗಂಡನನ್ನು ಕಳಕೊಳ್ಳುವಳು, ಒಬ್ಬನು ಕುಡಿತಕ್ಕೆ ಬೀಳುವನು. ಹೀಗಿರಲಾಗಿ ಶಿಬಿರಕ್ಕೆ ನೂರು ವರುಷ ತುಂಬಿತೆಂದಾಗಲಿ, ಆ ನೆಲವನ್ನು ಮಾರಿಬಿಡುತ್ತಾರೆಂದಾಗಲಿ, ಹಳೆಯ ಯಜಮಾನನು ತೀರಿಹೋದನೆಂದಾಗಲಿ ಸುದ್ದಿ ಹೊರಟು, ಎಲ್ಲರೂ ಬನ್ನಿರಿ ಎಂಬ ಕರೆ ಬರುತ್ತದೆ.

ಬಂದವರಿಗೆ ಮೊದಲಿನ ಒಂದು ಗಳಿಗೆ ನಾಚಿಕೆ. ತಲೆ ನರೆತದ್ದನ್ನೂ ಹೊಟ್ಟೆ ಬೆಳೆದದ್ದನ್ನೂ ನೋಡಿ ನಗುವರು. ಹಳೆಯ ಅಡ್ಡಹೆಸರಿನಿಂದ ಒಬ್ಬನು ಕೂಗಿದ ಕೂಡಲೆ ಐವತ್ತು ವರುಷದ ಹೆಂಗಸು ಹತ್ತೊಂಬತ್ತು ವರುಷದವಳ ಹಾಗೆ ತಿರುಗಿ ನೋಡುವಳು. ಹಾಡುಗಳು ನೆನಪಿಗೆ ಬರುವವು. ನೆನಪಿಲ್ಲವೆಂದು ತಿಳಿದುಕೊಂಡಿದ್ದ ಸಾಲುಗಳು ಪಕ್ಕದವನು ಹಾಡಿದಾಗ ತಾನಾಗಿ ನಾಲಿಗೆಗೆ ಬರುವವು. ಇದು ಸಂತೋಷದ ಗಳಿಗೆಯೇ. ನಾವು ಅದನ್ನು ಕಡಿಮೆಮಾಡಿ ಮಾತಾಡುವದಿಲ್ಲ. ಆದರೆ ಊಟವಾಗಿ ಹಾಡುಗಳು ಮುಗಿದ ಮೇಲೆ ಒಂದು ಮೌನವು ಬೀಳುವದುಂಟು. ಆಗ ಅವರಿಗೆ ತಿಳಿಯುವದೇನಂದರೆ, ಮಾತಾಡುವದಕ್ಕೆ ಆ ಒಂದು ಬೇಸಿಗೆಯ ಹೊರತು ಬೇರೇನೂ ತಮ್ಮಲ್ಲಿ ಇಲ್ಲ. ಕೆಲವರು ಆ ರಾತ್ರಿ ವ್ಯಸನದಿಂದ ಮಲಗುವರು.

ಹಾಗಾದರೆ ಆ ಸ್ನೇಹವು ಸುಳ್ಳೋ? ಸ್ನೇಹದ ವಿಷಯವಾಗಿ ಎರಡು ಸಾವಿರ ಮುನ್ನೂರು ವರುಷಗಳ ಹಿಂದೆಯೇ ಆಲೋಚಿಸಿ ಬರೆದ ಗ್ರೀಕ್ ಪಂಡಿತನಾದ ಅರಿಸ್ಟಾಟಲನು ಮೂರು ವಿಧದ ಸ್ನೇಹಗಳನ್ನು ಹೇಳುತ್ತಾನೆ. ಒಂದು ಪ್ರಯೋಜನಕ್ಕಾಗಿ, ಒಂದು ಸುಖಕ್ಕಾಗಿ, ಒಂದು ಮಿತ್ರನ ಒಳ್ಳೇತನಕ್ಕಾಗಿ ಇರುವಂಥದು. ಮೊದಲಿನ ಎರಡೂ ಅವುಗಳ ಕಾರಣವು ತೀರಿದ ಕೂಡಲೆ ತೀರುವವೆಂದೂ ತರುಣರ ಸ್ನೇಹವು ಹೆಚ್ಚಾಗಿ ಸುಖದ್ದೆಂದೂ ಅವನ ಮತ. ದೂರವು ಸ್ನೇಹವನ್ನು ಕೂಡಲೆ ಕಡಿಯುವದಿಲ್ಲ, ಅದರ ಕ್ರಿಯೆಯನ್ನು ಮಾತ್ರ ತಡೆಯುವದು. ಆದರೆ ದೂರವು ಬಹುಕಾಲದ್ದಾದರೆ ಸ್ನೇಹವೇ ಮರೆತುಹೋಗುವದು ಎಂದು ಸಹ ಬರೆದಿದ್ದಾನೆ. ಈ ಅಳತೆಗೋಲನ್ನು ಇಟ್ಟರೆ ಶಿಬಿರದವರ ಸ್ನೇಹಕ್ಕೆ ಬಹಳ ಬೆಲೆ ಸಿಕ್ಕಲಾರದು.

ನಾವು ಆ ಪಂಡಿತನನ್ನು ಗೌರವಿಸುತ್ತೇವೆ. ಆದಾಗ್ಯೂ ಅವನ ಪಟ್ಟಿಯಲ್ಲಿ ಒಂದು ಕೊರತೆಯಿದೆ ಎಂದು ನಮಗೆ ತೋರುತ್ತದೆ. ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳು ಒಂದನ್ನೊಂದು ಆರಿಸಿಕೊಂಡವುಗಳಲ್ಲ. ಒಂದರ ಪ್ರಯೋಜನ ಇನ್ನೊಂದಕ್ಕೆ ಬೇಕೆಂದೂ ಅಲ್ಲ, ನೆಲವನ್ನು ಉಳಬೇಕೆಂದು. ಆದರೂ ಒಂದನ್ನು ಮಾರಿದರೆ ಇನ್ನೊಂದು ಮೇವು ಬಿಡುವದನ್ನು ಒಕ್ಕಲಿಗನು ಕಂಡಿದ್ದಾನೆ. ಕೂಡಿ ಕೆಲಸಮಾಡಿದವರ ಪ್ರೀತಿಯು ಈ ಜಾತಿಯದು. ಅದು ಒಬ್ಬರ ಮುಖವನ್ನು ಇನ್ನೊಬ್ಬರು ನೋಡುತ್ತಾ ಬೆಳೆದದ್ದಲ್ಲ. ಇಬ್ಬರೂ ಅಳುವ ಒಂದು ಮಗುವಿನ ಕಡೆಗೆ ನೋಡುತ್ತಾ ಇರುವಾಗ ಪಕ್ಕದಲ್ಲಿ ಬೆಳೆದದ್ದು. ಮಗುವು ಮನೆಗೆ ಹೋದ ಮೇಲೆ ಇಬ್ಬರೂ ತಿರುಗಿ ಒಬ್ಬರನ್ನೊಬ್ಬರು ನೋಡಿದಾಗ ಏನು ಮಾತಾಡಬೇಕೆಂದು ತೋಚದೆ ಹೋದರೆ ಅದರಲ್ಲಿ ಆಶ್ಚರ್ಯವೇನು? ಊಟದ ಮೇಲಿನ ಆ ಮೌನವು ಪ್ರೀತಿ ಸುಳ್ಳಾಗಿತ್ತೆಂಬದಕ್ಕೆ ಸಾಕ್ಷಿಯಲ್ಲ, ಕೆಲಸವು ಮುಗಿದಿತ್ತೆಂಬದಕ್ಕೆ ಸಾಕ್ಷಿ.

ಅದೇ ಅರಿಸ್ಟಾಟಲನು ಇನ್ನೊಂದು ಸ್ಥಳದಲ್ಲಿ ನಮಗೆ ಸಹಾಯಕ್ಕೆ ಬರುತ್ತಾನೆ. ಸ್ನೇಹಿತರಿಬ್ಬರಲ್ಲಿ ಒಬ್ಬನು ಬೆಳೆದು ಇನ್ನೊಬ್ಬನು ಹಾಗೆಯೇ ಉಳಿದರೆ ಮೊದಲಿನ ಹಾಗೆ ಇರಲು ಆಗದೆಂದು ಒಪ್ಪಿಕೊಂಡು, ಆದರೂ ಅವನನ್ನು ಎಂದೂ ಸ್ನೇಹಿತನಾಗಿರದ ಪರಕೀಯನ ಹಾಗೆ ನೋಡಬಹುದೋ ಎಂದು ಕೇಳಿ, ಕೂಡದು, ಹಳೆಯ ಒಡನಾಟದ ನೆನಪಿಗೆ ಒಂದು ಪಾಲು ಸಲ್ಲತಕ್ಕದ್ದು ಎಂದು ತೀರ್ಪು ಕೊಡುತ್ತಾನೆ. ಕೂಡಿ ಉಪ್ಪು ತಿಂದ ಹೊರತು ಒಬ್ಬರನ್ನೊಬ್ಬರು ಅರಿಯಲಾರರೆಂಬ ಗಾದೆಯು ಅವನ ನಾಡಿನಲ್ಲಿಯೂ ಇತ್ತು. ಉಪ್ಪಿನ ಋಣವೆಂದರೆ ಏನೆಂದು ನಮ್ಮ ಹಳ್ಳಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಉಂಡ ಮನೆಗೆ ಎರಡು ಬಗೆಯಬಾರದೆಂಬದನ್ನು ಇಲ್ಲಿ ಉಂಡ ಪಂಕ್ತಿಗೆ ಎಂದು ತಿಳಿದುಕೊಂಡರಾಯಿತು. ಆದರೆ ಆ ಋಣವನ್ನು ತೀರಿಸುವದು ಯಾವದರಿಂದ?

ಮೊದಲನೆಯದಾಗಿ, ನೆನಪಿನಿಂದ ಎಂದು ಹೇಳುವರು. ಸರಿಯೇ, ಆದರೆ ನೆನಪು ನಾವು ತಿಳಿದಷ್ಟು ನಂಬತಕ್ಕದ್ದಲ್ಲ. ಡೇವಿಡ್ ರೂಬಿನ್ ಎಂಬ ಮನಶ್ಶಾಸ್ತ್ರಜ್ಞನೂ ಅವನ ಜೊತೆಗಾರರೂ 1986ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ತೋರಿಸಿದ್ದೇನಂದರೆ, ವಯಸ್ಸಾದವರಿಗೆ ತಮ್ಮ ಹತ್ತರಿಂದ ಮೂವತ್ತು ವರುಷದ ಪ್ರಾಯದ ಸಂಗತಿಗಳು ಇತರ ಕಾಲದವುಗಳಿಗಿಂತ ಹೆಚ್ಚಾಗಿ ನೆನಪಿಗೆ ಬರುವವು. ಆದಕಾರಣ ಆ ಬೇಸಿಗೆಯು ಅಷ್ಟು ಹೊಳೆಯುವದಕ್ಕೆ ಶಿಬಿರವೊಂದೇ ಕಾರಣವಲ್ಲ. ಆಗ ನಮಗೆ ಇಪ್ಪತ್ತು ವರುಷವಾಗಿತ್ತೆಂಬದೂ ಕಾರಣ. ಇನ್ನು ಮೊರೀಸ್ ಹಾಲ್ಬ್‌ವಾಕ್ಸ್ ಎಂಬ ಫ್ರೆಂಚ್ ಪಂಡಿತನು 1925ರಲ್ಲಿ ಒಂದು ಗ್ರಂಥವನ್ನು ಬರೆದು, ಮನುಷ್ಯನು ಒಂಟಿಯಾಗಿ ನೆನಸುವದಿಲ್ಲ, ತಾನು ಸೇರಿದ ಗುಂಪಿನೊಡನೆಯೇ ನೆನಸುತ್ತಾನೆ ಎಂದು ವಾದಿಸಿದನು. (ಆ ಪಂಡಿತನು 1945ರಲ್ಲಿ ಬೂಕೆನ್‌ವಾಲ್ಡ್ ಎಂಬ ನಾಜಿಗಳ ಸೆರೆಯಲ್ಲಿ ಸತ್ತನು, ಶಿಬಿರವೆಂಬ ಶಬ್ದಕ್ಕೆ ಅಂಥ ಅರ್ಥವೂ ಇದೆಯೆಂಬದನ್ನು ಮರೆಯಬಾರದು.) ಅವನು ಹೇಳಿದ್ದು ನಿಜವಾದರೆ, ಹಳೆಯ ಜೊತೆಗೆಲಸದವರ ಕೂಟದಲ್ಲಿ ಒಂದು ದೊಡ್ಡ ಲಾಭವೂ ಒಂದು ದೊಡ್ಡ ಅಪಾಯವೂ ಉಂಟು.

ಲಾಭವೇನಂದರೆ, ನಮ್ಮ ಜೀವಮಾನದ ಒಂದು ತುಂಡು ನಮ್ಮ ಕೈಯಲ್ಲಿಲ್ಲ, ಅವರ ಕೈಯಲ್ಲಿದೆ. ನಾನು ಯಾವದಕ್ಕೂ ಬಾರದವನೆಂದು ತನ್ನನ್ನು ತಾನೇ ಹಳಿದುಕೊಳ್ಳುತ್ತಿರುವ ಒಬ್ಬನಿಗೆ ಇನ್ನೊಬ್ಬಳು, ಜ್ವರದಿಂದ ಮಲಗಿದ ಹುಡುಗನ ಪಕ್ಕದಲ್ಲಿ ನೀನು ಮೂರು ರಾತ್ರಿ ಕೂತಿದ್ದೆಯಲ್ಲಾ ಎಂದು ಹೇಳಿದರೆ, ಅವನಿಗೆ ಅದು ಮರೆತೇಹೋಗಿರಬಹುದು. ಅವಳು ಹೇಳದಿದ್ದರೆ ಆ ಮೂರು ರಾತ್ರಿಗಳು ಲೋಕದಿಂದಲೇ ಇಲ್ಲದೆ ಹೋಗುತ್ತಿದ್ದವು. ಹೆಂಡತಿಯಾಗಲಿ ಮಕ್ಕಳಾಗಲಿ ಈ ಸಾಕ್ಷಿಯನ್ನು ಕೊಡಲಾರರು, ಅವರು ಅಲ್ಲಿರಲಿಲ್ಲ. ಇದಕ್ಕಾಗಿ ನೂರು ಮೈಲಿ ಪ್ರಯಾಣಮಾಡುವದು ಹುಚ್ಚುತನವೆಂದು ನಾವು ಎಣಿಸುವದಿಲ್ಲ.

ಅಪಾಯವಾದರೋ ಇದಕ್ಕಿಂತ ಗುಪ್ತವಾದದ್ದು. ಗುಂಪಾಗಿ ನೆನಸುವವರು ಗುಂಪಾಗಿ ಮರೆಯಲೂ ಬಲ್ಲರು. ಪ್ರತಿಯೊಂದು ಕೂಟದಲ್ಲಿ ಅದೇ ನಾಲ್ಕು ಕಥೆಗಳನ್ನು ಹೇಳಿ ಹೇಳಿ, ಕಲ್ಲನ್ನು ತಿಕ್ಕಿದ ಹಾಗೆ ನುಣುಪುಮಾಡಿ, ಆ ಬೇಸಿಗೆಯಲ್ಲಿ ಕೆಟ್ಟದ್ದೇನೂ ನಡೆಯಲೇ ಇಲ್ಲವೆಂದು ನಂಬಿಬಿಡುವರು. ಆಗ ಒಬ್ಬನು ಎದ್ದು, ನಿಮಗೆ ನೆನಪಿದೆಯೇ, ಆ ಹುಡುಗನು ಇಂಥವನ ಸಂಗಡ ದೋಣಿಗೆ ಹೋಗಲಾರೆನೆಂದು ಅತ್ತಾಗ ನಾವು ಮನೆಯ ನೆನಪು ಎಂದು ನಕ್ಕೆವು, ಅವನು ಏನನ್ನೋ ಹೇಳಬೇಕೆಂದಿದ್ದನು ಎಂದು ಹೇಳಿದರೆ ಏನಾಗುವದು? ಇಷ್ಟು ದಿನದ ಮೇಲೆ ಕೂಡಿದ್ದೇವೆ, ಈ ರಾತ್ರಿಯನ್ನು ಕೆಡಿಸಬೇಡ ಎಂದು ಬಹುಶಃ ನಾಲ್ಕು ಕಡೆಯಿಂದ ಹೇಳುವರು.

ಇದು ನಾವು ಕಟ್ಟಿದ ದೃಷ್ಟಾಂತವಾಗಿದ್ದರೂ ಬರಿಯ ಕಲ್ಪನೆಯಲ್ಲ. ಬಾಯ್ ಸ್ಕೌಟ್ಸ್ ಆಫ್ ಅಮೇರಿಕ ಎಂಬ ಹೆಸರಿನಿಂದ 1910ರಲ್ಲಿ ಸ್ಥಾಪಿತವಾಗಿ 2025ರಲ್ಲಿ ಸ್ಕೌಟಿಂಗ್ ಅಮೇರಿಕ ಎಂದು ಹೆಸರು ಬದಲಾಯಿಸಿಕೊಂಡ ಸಂಸ್ಥೆಯು 2020ರ ಫೆಬ್ರವರಿಯಲ್ಲಿ ದಿವಾಳಿಯ ಅರ್ಜಿ ಕೊಡಬೇಕಾಯಿತು. ಬಾಲ್ಯದಲ್ಲಿ ಮುಂದಾಳುಗಳಿಂದ ತಮ್ಮ ದೇಹಕ್ಕೆ ಅನ್ಯಾಯವಾಯಿತೆಂದು ಅಲ್ಲಿ ದೂರಿತ್ತವರು 82,000ಕ್ಕೂ ಹೆಚ್ಚು ಮಂದಿ. 246 ಕೋಟಿ ಡಾಲರುಗಳ ಪರಿಹಾರದ ಒಪ್ಪಂದಕ್ಕೆ 2022ರಲ್ಲಿ ನ್ಯಾಯಾಧೀಶರು ಸಮ್ಮತಿಸಿದರು. ದೂರಿತ್ತವರಲ್ಲಿ ಅನೇಕರು ಮುದುಕರು, ಹತ್ತಾರು ವರುಷ ಬಾಯಿಬಿಡದೆ ಇದ್ದವರು. ಅವರು ಬಾಯಿಬಿಡದೆ ಇದ್ದ ಆ ವರುಷಗಳಲ್ಲಿ ಎಷ್ಟು ಹಾಡುಗಳು ಹಾಡಲ್ಪಟ್ಟವು, ಎಷ್ಟು ಬೆಂಕಿಗಳ ಸುತ್ತಲೂ ಆ ಒಳ್ಳೆಯ ದಿನಗಳ ಕಥೆ ಹೇಳಲ್ಪಟ್ಟಿತು ಎಂದು ವಾಚಕರು ಆಲೋಚಿಸಲಿ. ಹಾಡಿದವರಲ್ಲಿ ಬಹುಪಾಲು ನಿರಪರಾಧಿಗಳೇ. ಅವರ ಸಂತೋಷವೂ ನಿಜವಾದದ್ದೇ. ಆದರೂ ಒಬ್ಬರ ಸಿಹಿ ನೆನಪಿನ ಭಾರವು ಇನ್ನೊಬ್ಬನ ಬಾಯಿಯ ಮೇಲೆ ಕೂತಿತ್ತು.

ಈ ಸ್ಥಳದಲ್ಲಿ ನಾವು ಸಂಶಯವಿಲ್ಲದೆ ಮಾತಾಡುತ್ತೇವೆ. ಕೂಟದ ರಾತ್ರಿಯನ್ನು ಕೆಡಿಸುವವನೇ ಆ ಪಂಕ್ತಿಯ ಉಪ್ಪಿಗೆ ನಂಬಿಗಸ್ತನು. ಯಾಕಂದರೆ ಅವರನ್ನು ಅಲ್ಲಿ ಕೂಡಿಸಿದ್ದು ಅವರ ಪರಸ್ಪರ ಪ್ರೀತಿಯಲ್ಲ, ಮಕ್ಕಳು. ಮಗುವನ್ನು ಹುಡುಕಲು ತೋಳು ಹೆಣೆದು ನೀರಿಗೆ ಇಳಿದವರು, ಮೂವತ್ತು ವರುಷದ ಮೇಲೆ ಆ ಮಗುವಿನ ಹೆಸರು ಬಂದಾಗ ದಡದ ಮೇಲೆಯೇ ಕೂತಿರುವೆವೆಂದು ಹೇಳಬಾರದು. ಆ ಮಾತನ್ನು ಕೇಳಿ, ತಮಗೆ ತಿಳಿದಷ್ಟನ್ನು ಬರೆದಿಟ್ಟು, ಅಧಿಕಾರಿಗಳ ಮುಂದೆ ಸಾಕ್ಷಿ ಬೇಕಾದರೆ ಕೊಡಲು ಸಿದ್ಧರಾಗಿ, ಈಗ ನಡುವಯಸ್ಸಿನವನಾಗಿರುವ ಆ ಹುಡುಗನಿಗೆ, ಅವನು ಬಯಸಿದರೆ, ನೀನು ಹೇಳಿದ್ದನ್ನು ನಾವು ನಂಬುತ್ತೇವೆಂದು ತಿಳಿಸಬೇಕು. ಅದರಿಂದ ಹಳೆಯ ಸ್ನೇಹಗಳು ಮುರಿದರೆ ಮುರಿಯಲಿ.

ಕರೆಯದೆ ಬಿಟ್ಟವರ ವಿಷಯವೂ ಒಂದುಂಟು. ಹಳೆಯ ಕೆಲಸದವರೆಲ್ಲರೂ ಬನ್ನಿರೆಂಬ ಕರೆಯಲ್ಲಿ ಎಲ್ಲರೂ ಎಂದರೆ ಯಾರು? ಮೇಲ್ವಿಚಾರಕರ ಹೆಸರುಗಳು ಪಟ್ಟಿಯಲ್ಲಿರುವವು. ಮುಂಜಾನೆ ಎಲ್ಲರಿಗಿಂತ ಮೊದಲು ಎದ್ದು ಒಲೆ ಹಚ್ಚಿದವನ ಹೆಸರೂ, ಪಾತ್ರೆ ತೊಳೆದವನ ಹೆಸರೂ, ಶೌಚಸ್ಥಾನಗಳನ್ನು ಶುದ್ಧಿಮಾಡಿದವಳ ಹೆಸರೂ ಇರುವವೋ? ಬಹುಕಾಲದ ವರೆಗೆ ಆ ದೇಶದ ಅನೇಕ ಶಿಬಿರಗಳು ಬಿಳಿಯರ ಮಕ್ಕಳನ್ನು ಮಾತ್ರ ಸೇರಿಸಿಕೊಳ್ಳುತ್ತಿದ್ದವು. ಅದೇ ಶಿಬಿರಗಳಲ್ಲಿ ಎಷ್ಟೋ ಆ ನೆಲದ ಮೂಲನಿವಾಸಿಗಳ ಕುಲಗಳ ಹೆಸರುಗಳನ್ನು ಇಟ್ಟುಕೊಂಡು, ಅವರ ಗರಿಗಳನ್ನು ತಲೆಗೆ ಕಟ್ಟಿಕೊಂಡು, ಆ ಕುಲದವರಲ್ಲಿ ಒಬ್ಬನನ್ನಾದರೂ ಕರೆಯದೆ ಕುಣಿದವು. ಯಾವ ಪಂಕ್ತಿಯಲ್ಲಿ ಯಾರು ಕೂರಬಹುದೆಂಬ ಲೆಕ್ಕವನ್ನು ನಮ್ಮ ವಾಚಕರ ಅಜ್ಜಂದಿರು ಅನುಭವಿಸಿ ಬಲ್ಲರು. ಆದಕಾರಣ ಇದನ್ನು ಹೆಚ್ಚಾಗಿ ಬಿಡಿಸಿ ಹೇಳುವದಿಲ್ಲ. ಅಡಿಗೆಯವನನ್ನು ನೆನಸದ ಕೂಟಕ್ಕೆ ಹಳೆಯ ಮಿತ್ರರ ಔತಣವೆಂಬ ಹೆಸರು ಸಲ್ಲಬಹುದು, ಕೂಡಿ ಕೆಲಸಮಾಡಿದವರ ಕೂಟವೆಂಬ ಹೆಸರು ಸಲ್ಲದು.

ಕರೆದರೂ ಬಾರದವರು ಇನ್ನೊಂದು ವಿಧ. ಕೆಲವರಿಗೆ ರೈಲಿನ ಹಣವಿಲ್ಲ. ಕೆಲವರಿಗೆ ಹಣವಿದ್ದರೂ ಮುಖವಿಲ್ಲ. ಶಿಬಿರದಲ್ಲಿ ಎಲ್ಲರೂ ಒಂದೇ ಬಣ್ಣದ ಅಂಗಿಯನ್ನು ತೊಟ್ಟು ಒಂದೇ ಗಂಜಿಯನ್ನು ಉಂಡದ್ದರಿಂದ, ಯಾರ ತಂದೆ ಧನವಂತನು ಯಾರ ತಂದೆ ಕೂಲಿಯವನು ಎಂಬದು ಕಾಣುತ್ತಿರಲಿಲ್ಲ. ಮೂವತ್ತು ವರುಷದ ಮೇಲೆ ಅದು ಬಾಗಲಲ್ಲಿಯೇ ಕಾಣುವದು. ಈಗ ಏನು ಕೆಲಸದಲ್ಲಿದ್ದೀ ಎಂಬ ಮೊದಲಿನ ಪ್ರಶ್ನೆಯೇ ಬಿದ್ದವನಿಗೆ ಚಾಟಿಯಾಗುವದು. ಕೇಳುವವನಿಗೆ ಕೆಟ್ಟ ಉದ್ದೇಶವಿಲ್ಲ. ಆದರೂ ನಮ್ಮ ಊರುಗಳಲ್ಲಿ ದೂರದಿಂದ ಬಂದ ನಂಟನನ್ನು ಮೊದಲು ಕೇಳುವದು ಊಟವಾಯಿತೇ ಎಂದು; ಅದರಲ್ಲಿ ಒಂದು ವಿವೇಕವಿದೆ. ಬಿದ್ದವನು ಹಳೆಯ ಹೆಸರಿನಲ್ಲಿ ಒಂದು ರಾತ್ರಿಯಾದರೂ ನಿಂತುಕೊಳ್ಳಲು ಎಡೆಕೊಟ್ಟು, ಉಳಿದದ್ದನ್ನು ಅವನೇ ಹೇಳುವ ವರೆಗೆ ಕಾಯುವದು ದಯೆಯಾಗಿದೆ. ಅವನು ಹೇಳಿದರೆ, ಕೇಳಿ ಸುಮ್ಮನಿರದೆ ಆದಷ್ಟು ಮಾಡುವದು ಋಣ.

ಇನ್ನು ಕೂಟವು ಮುಗಿಯುವಾಗ ಎಲ್ಲರ ಬಾಯಲ್ಲಿಯೂ ಬರುವ ಮಾತೊಂದಿದೆ: ಇನ್ನು ಮುಂದೆ ಪ್ರತಿವರುಷ ಕೂಡೋಣ, ತಿಂಗಳಿಗೊಂದು ಕಾಗದ ಬರೆಯೋಣ. 2020ರಲ್ಲಿ ಸಾಂಕ್ರಾಮಿಕ ರೋಗದ ನಿಮಿತ್ತ ಬಹುಪಾಲು ಶಿಬಿರಗಳು ಮುಚ್ಚಿದ್ದಾಗ ಹಳಬರನೇಕರು ತಮ್ಮತಮ್ಮ ಮನೆಗಳಿಂದಲೇ ಯಂತ್ರದ ತೆರೆಯ ಮೇಲೆ ಮುಖಗಳನ್ನು ನೋಡಿಕೊಂಡು ಮಾತಾಡಿದರು. ಇನ್ನು ದೂರವೆಂಬದೇ ಇಲ್ಲವೆಂದು ಆಗ ತೋರಿತು. ಈಗ ಜೇಬಿನಲ್ಲಿರುವ ಫೋನಿನಿಂದ ಯಾರು ಯಾರನ್ನಾದರೂ ಕರೆಯಬಹುದು. ಆದರೂ ಮೊದಲಿನ ಮೌನವು ಮತ್ತೆ ಬರುವದು. ಅದಕ್ಕೆ ಕಾರಣ ಸಾಧನದ ಕೊರತೆಯಲ್ಲ, ಪ್ರತಿಯೊಬ್ಬನ ಬೆಳಗೂ ಬೇರೆ ನೊಗವನ್ನು ಹೊರಿಸುವದೇ. ನೆರವೇರಿಸಲಾರದ ವಾಗ್ದಾನವನ್ನು ಕಣ್ಣೀರಿನ ಗಳಿಗೆಯಲ್ಲಿ ಕೊಡುವದು ಪ್ರೀತಿಯ ಕಾರ್ಯವೋ? ನಮ್ಮ ಅಭಿಪ್ರಾಯದಲ್ಲಿ ಅಲ್ಲ. ಪ್ರತಿವರುಷ ಎಂದು ಹೇಳುವ ನೂರು ಬಾಯಿಗಳಿಗಿಂತ, ಎಲ್ಲರ ವಿಳಾಸಗಳನ್ನು ಒಂದು ಪುಸ್ತಕದಲ್ಲಿ ಬರೆದು, ಯಾರಾದರೂ ಮನೆ ಬದಲಾಯಿಸಿದಾಗ ಅದನ್ನು ತಿದ್ದಿ ಇಟ್ಟುಕೊಳ್ಳುವ ಒಬ್ಬನು ಹೆಚ್ಚು ಉಪಯುಕ್ತನು. ಅಂಥವನು ಕೂಟದಲ್ಲಿ ಬಹುಶಃ ಹೆಚ್ಚು ಮಾತಾಡದವನು. ಪಾತ್ರೆಗಳನ್ನು ಎತ್ತಿಡುತ್ತಾ ಇರುವನು.

ಯಾಕೋಬನೂ ಏಸಾವನೂ ಇಪ್ಪತ್ತು ವರುಷದ ಮೇಲೆ ಕೂಡಿದ ಸಂಗತಿಯನ್ನು ವಾಚಕರು ಬಲ್ಲರು. ಯಾಕೋಬನು ಲಾಬಾನನ ಮನೆಯಿಂದ ಹಿಂದಿರುಗುತ್ತಾ, ಅಣ್ಣನು ನಾನೂರು ಮಂದಿಯೊಡನೆ ಎದುರಿಗೆ ಬರುತ್ತಾನೆಂದು ಕೇಳಿ ಹೆದರಿ, ಏಳು ಸಾರಿ ಅಡ್ಡಬಿದ್ದನು. ಏಸಾವನು ಓಡಿಬಂದು ಅವನನ್ನು ಅಪ್ಪಿಕೊಂಡು ಮುದ್ದಿಟ್ಟನು, ಇಬ್ಬರೂ ಅತ್ತರು. ಈ ತನಕದ ಭಾಗವನ್ನು ಎಲ್ಲರೂ ಮೆಚ್ಚಿ ಹೇಳುವರು. ತರುವಾಯದ ಭಾಗವನ್ನು ಓದುವವರು ಕಡಿಮೆ. ಏಸಾವನು, ಬಾ, ಕೂಡಿಯೇ ಪ್ರಯಾಣಮಾಡೋಣ ಎಂದು ಕರೆದನು. ಯಾಕೋಬನು, ಮಕ್ಕಳು ಎಳೆಯರು, ಹಿಂಡಿನಲ್ಲಿ ಹಾಲೂಡಿಸುವವುಗಳಿವೆ, ನೀನು ಮುಂದೆ ಹೋಗು, ನಾನು ಮೆಲ್ಲಗೆ ನಡೆದು ಸೇಯೀರಿಗೆ ಬರುತ್ತೇನೆ ಎಂದು ಹೇಳಿ, ಸುಕ್ಕೋತಿಗೆ ಹೋಗಿ ಮನೆಯನ್ನು ಕಟ್ಟಿಕೊಂಡನು. ಸೇಯೀರಿಗೆ ಹೋದನೆಂದು ಬರೆದಿಲ್ಲ. ಅಲ್ಲಿ ಹೇಳಿದ ಆ ಮಾತಿಗಾಗಿ ಯಾಕೋಬನನ್ನು ಆಕ್ಷೇಪಿಸುವವರುಂಟು, ನಾವೂ ಅದನ್ನು ಹೊಗಳುವದಿಲ್ಲ. ಆದರೆ ಆ ಅಪ್ಪುಗೆಯು ಸುಳ್ಳಾಗಿತ್ತೆಂದು ಯಾರೂ ಹೇಳಲಾರರು. ಒಬ್ಬನು ಸೇಯೀರಿನಲ್ಲಿ ಉಳಿದನು, ಒಬ್ಬನು ಕಾನಾನಿನಲ್ಲಿ ಉಳಿದನು, ಇಬ್ಬರ ಹಿಂಡುಗಳೂ ಒಂದೇ ಹುಲ್ಲುಗಾವಲಿಗೆ ಸಾಲುತ್ತಿರಲಿಲ್ಲ.

ವರುಷಗಳಾದ ಮೇಲೆ ಇಸಾಕನು ಹೆಬ್ರೋನಿನಲ್ಲಿ ದಿನತುಂಬಿದವನಾಗಿ ಸತ್ತಾಗ ಏಸಾವನೂ ಯಾಕೋಬನೂ ಕೂಡಿ ಅವನನ್ನು ಹೂಣಿಟ್ಟರು. ಏಸಾವನಿಗೆ ಸುದ್ದಿಯನ್ನು ಮುಟ್ಟಿಸಿದವರು ಯಾರೆಂದು ಅಲ್ಲಿ ಹೇಳಿಲ್ಲ. ಅವನು ಎಲ್ಲಿ ಸಿಕ್ಕುವನೆಂದು ಯಾರೋ ಒಬ್ಬನು ತಿಳಿದುಕೊಂಡಿದ್ದನು.